ಇಕಾಮಾ ಬೇಡದ ಬಸವನಹುಳು

ವಿಮಾನ ನಿಲ್ದಾಣ

ಕುವೈತಿಗೆ ಹೋಗುವವರೆಲ್ಲ ಏನಾದರೊಂದು ದೊಡ್ಡ ಗುರಿ ಇಟ್ಟುಕೊಂಡೇ ವಿಮಾನ ಹತ್ತುತ್ತಾರೆ. ಮನೆ ಕಟ್ಟಬೇಕು, ತಂಗಿಯ ಮದುವೆ ಮಾಡಬೇಕು, ಹಳೇ ಬೈಕು ಮಾರಿ ಕಾರು ಕೊಳ್ಳಬೇಕು. ನನ್ನ ಗುರಿಯ ಗಾತ್ರ ಸಾಸಿವೆ ಕಾಳಿನಷ್ಟು. ನಾನು ಹೊರಟದ್ದು ಒಂದು ಬಸವನಹುಳು ಹುಡುಕಲು.

ಇದಕ್ಕೆಲ್ಲ ಮೂಲ ನನ್ನ ಭಾವ. ಅಕ್ಕನ ಗಂಡ. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಕೆಲಸ, ಅಬ್ಬಾಸಿಯಾದಲ್ಲಿ ಮನೆ. ಹಿಂದಿನ ರಜೆಯಲ್ಲಿ ಊರಿಗೆ ಬರುವಾಗ ವಫ್ರಾದ ಒಂದು ತೋಟದಿಂದ ಖರ್ಜೂರದ ಸಸಿಯನ್ನು ಮಣ್ಣು ಸಮೇತ ತಂದು ನಮ್ಮ ಸುರತ್ಕಲ್ಲಿನ ಅಂಗಳದಲ್ಲಿ ನೆಟ್ಟಿದ್ದರು. ನಮ್ಮ ಮಳೆಯ ಪರಿಚಯವಿಲ್ಲದ ಸಸಿ ಎಂಟು ದಿನದಲ್ಲಿ ಕೊಳೆತು ಹೋಯಿತು. ಬುಡದ ಮಣ್ಣು ಕೆದಕಿದಾಗ ಮೂರು ಬಿಳಿ ಚಿಪ್ಪು ಸಿಕ್ಕಿದವು. ಒಂದೊಂದೂ ಸಾಸಿವೆ ಕಾಳಿನಷ್ಟು, ಆದರೆ ಸುರುಳಿ ಸುರುಳಿಯಾಗಿ ಶಂಖದ ಠೀವಿ.

ಆಗ ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ನಮ್ಮ ಸಾರ್ ಹಿಂದೆ ಅವರ ಚೀಲ ಹಿಡಿದು ಓಡಾಡುತ್ತಿದ್ದೆ. ಸ್ವಲ್ಪ ಮಿಂಚೋಣ ಎಂದು ಚಿಪ್ಪುಗಳನ್ನು ಅವರ ಮುಂದಿಟ್ಟೆ. ಸಾರ್ ಮೂರು ದಿನ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ನಾಲ್ಕನೇ ದಿನ ತಲೆಯೆತ್ತಿ, "ಇದು ನನ್ನ ಹತ್ತಿರ ಇರುವ ಒಂದು ಪುಸ್ತಕದಲ್ಲೂ ಇಲ್ಲ ಮಾರಾಯ. ಆದರೆ ಖಾಲಿ ಚಿಪ್ಪಿನಿಂದ ಏನೂ ಹೇಳ್ಲಿಕ್ಕಾಗುವುದಿಲ್ಲ. ಜೀವ ಇರುವುದು ಬೇಕು. ಕೊಯ್ದು ಗಂಡಿನ ಆ ಭಾಗ ನೋಡದೆ ಇವುಗಳ ಜಾತಿ ಗೊತ್ತಾಗುವುದಿಲ್ಲ" ಎಂದರು.

ಜಾತಿ ಕೇಳುವವರನ್ನು ನಮ್ಮ ಕಡೆ ಬೇಕಾದಷ್ಟು ನೋಡಿದ್ದೇನೆ. ಇಷ್ಟು ಆಳಕ್ಕೆ ಇಳಿದವರನ್ನು ನೋಡಿರಲಿಲ್ಲ.

"ನಿನ್ನ ಅಕ್ಕ ಅಲ್ಲೇ ಇರುವುದಲ್ವಾ? ಜೀವಂತ ಹುಳು ತಾ. ಪ್ರಾಜೆಕ್ಟಿನ ಸೀಟು ನಿನಗೆ."

ಸೀಟು ಇದ್ದದ್ದು ಒಂದೇ. ಕಾದು ಕೂತವರು ಇಬ್ಬರು, ನಾನು ಮತ್ತು ಸುಜಾತ. ಸುಜಾತಳಿಗೆ ಇನ್ನೂರು ಹುಳುಗಳ ಲ್ಯಾಟಿನ್ ಹೆಸರು ಬಾಯಿಪಾಠ. ನನಗೆ ಬಾಯಿಪಾಠವಿದ್ದದ್ದು ಸುಜಾತಳ ಹೆಸರು ಮಾತ್ರ. ಹಾಗಾಗಿ ಸಾಸಿವೆ ಕಾಳಿನ ಗಾತ್ರದ ಆ ಪ್ರಾಣಿಯ ಬೆನ್ನ ಮೇಲೆ ನನ್ನ ಇಡೀ ಭವಿಷ್ಯ ಕೂತಿತ್ತು.

ಕುವೈತಿನ ಕಸ್ಟಮ್ಸಿನವನು ನನ್ನ ಚೀಲ ತೆರೆದ. ಮೇಲೆ ಅಕ್ಕನಿಗೆಂದು ಅಮ್ಮ ಕಟ್ಟಿದ ಕೋರಿರೊಟ್ಟಿ. ಒತ್ತಿ ನೋಡಿದ, ಪುಡಿಯಾಯಿತು. ಕೆಳಗೆ ಚಹಾ ಸೋಸುವ ಜರಡಿ, ಭೂತಗನ್ನಡಿ, ಸಣ್ಣ ಬಾಟಲಿಗಳು, ಮೂರು ಪೇಂಟಿಂಗ್ ಬ್ರಶ್. ಹುಳು ಎತ್ತಲು ಬ್ರಶ್ ಬೇಕು ಎಂದು ವಿವರಿಸುವಷ್ಟು ಇಂಗ್ಲಿಷ್ ಆ ಕ್ಷಣಕ್ಕೆ ನನ್ನ ಬಳಿ ಇರಲಿಲ್ಲ.

"ಆರ್ಟಿಸ್ಟ್?" ಎಂದ. ಹೂಂ ಎಂದೆ. ಅವನು ಪೆನ್ನು ಕಾಗದ ಮುಂದೆ ತಳ್ಳಿದ. ದೇಶಕ್ಕೆ ಗೌರವವಾಗಲಿ ಎಂದು ಒಂಟೆ ಬಿಡಿಸಿದೆ. ಅವನು ಪಕ್ಕದವನನ್ನು ಕರೆದ. ಇಬ್ಬರೂ ಕಾಗದವನ್ನು ಆಚೀಚೆ ತಿರುಗಿಸಿ ನೋಡಿ ಅದು ನಾಯಿ ಎಂದು ತೀರ್ಮಾನಿಸಿದರು. ಇಂಥವನಿಂದ ದೇಶಕ್ಕೆ ಅಪಾಯವಿಲ್ಲ ಎಂದು ಖಾತ್ರಿಯಾಗಿ ಒಳಗೆ ಬಿಟ್ಟರು.

ಅಬ್ಬಾಸಿಯಾ

ಮರುಭೂಮಿಯಲ್ಲಿ ಸೆಕೆ ಎಂದು ನಾಲ್ಕನೇ ಕ್ಲಾಸಿನಲ್ಲಿ ಓದಿದ್ದೆ. ಆ ವಿದ್ಯೆಯನ್ನು ನಂಬಿ ನಾಲ್ಕು ಕಾಟನ್ ಶರ್ಟು ಹಿಡಿದುಕೊಂಡು ಜನವರಿಯಲ್ಲಿ ಬಂದಿಳಿದೆ. ಹೊರಗೆ ಕಾಲಿಟ್ಟದ್ದೇ ಹಲ್ಲು ತಾಳ ಹಾಕತೊಡಗಿತು. ಭಾವನ ಸ್ವೆಟರಿನಲ್ಲಿ ನನ್ನಂಥವರು ಇಬ್ಬರು ಬಾಡಿಗೆಗೆ ಇರಬಹುದು. ಕೊನೆಗೆ ಅಕ್ಕನದ್ದೇ ಸರಿಹೊಂದಿತು. ಗುಲಾಬಿ ಬಣ್ಣ, ಎದೆಯ ಮೇಲೆ ಎರಡು ಬಾತುಕೋಳಿ, ಕೆಳಗೆ ಎರಡು ಕಿಸೆ. ಹದಿನೈದು ದಿನವೂ ಕುವೈತ್ ನನ್ನನ್ನು ಕಂಡದ್ದು ಆ ಬಾತುಕೋಳಿಗಳ ಹಿಂದೆ.

ಅಬ್ಬಾಸಿಯಾ ನೋಡಿ ಮೊದಲಿಗೆ ಮೋಸ ಹೋದೆ ಅನ್ನಿಸಿತು. ವಿದೇಶ ಎಂದು ಅಷ್ಟು ದೂರ ಹಾರಿ ಬಂದರೆ ಕೆಳಗೆ ಮಲಯಾಳಿ ಹೋಟೆಲು, ಮೇಲೆ ಒಣಹಾಕಿದ ಲುಂಗಿ, ಲಿಫ್ಟಿನಲ್ಲಿ ಕೊಂಕಣಿಯಲ್ಲಿ ಗಂಡ ಹೆಂಡಿರ ಜಗಳ. ನಮ್ಮೂರ ಪೇಟೆ ಹಂಪನಕಟ್ಟೆಗೆ ಮಳೆ ನಿಲ್ಲಿಸಿ ಧೂಳು ಸುರಿದ ಹಾಗೆ. ಅಕ್ಕನ ಎದುರಿನ ಫ್ಲ್ಯಾಟು ಬ್ಯಾಚುಲರ್ ರೂಮು, ಒಂಬತ್ತು ಜನ. ಅವರಲ್ಲಿ ಎಂಟು ಮಂದಿಗೆ ಊರಲ್ಲಿ ಹೆಂಡತಿ ಮಕ್ಕಳಿದ್ದಾರೆ. ಹೆಂಡತಿ ಜೊತೆಗಿಲ್ಲದಿದ್ದರೆ ಇಲ್ಲಿ ಮೊಮ್ಮಕ್ಕಳಾದವನೂ ಬ್ಯಾಚುಲರೇ.

ರಾತ್ರಿ ಊಟಕ್ಕೆ ಕೂತಾಗ ಅಕ್ಕ ಕೇಳಿದಳು, "ನಿಜವಾಗಿ ಎಂತಕ್ಕೆ ಬಂದದ್ದು ನೀನು?"

"ನರ್ತೆ ಹುಡುಕ್ಲಿಕ್ಕೆ," ಎಂದೆ. ನಮ್ಮ ತುಳುವಿನಲ್ಲಿ ಗದ್ದೆ ತೋಡಿನ ಬಸವನಹುಳುವಿಗೆ ನರ್ತೆ ಎನ್ನುತ್ತಾರೆ.

ಅಕ್ಕನ ಮುಖ ಅರಳಿತು. "ಇಲ್ಲಿ ನರ್ತೆ ಸಿಗ್ತದಾ? ಸುಕ್ಕ ಮಾಡದೆ ಎಷ್ಟು ವರ್ಷ ಆಯ್ತು ಮಾರಾಯ! ಒಂದು ಕಿಲೋ ತಾ."

"ಅಕ್ಕಾ, ಅದರ ಒಂದು ಕಿಲೋ ಮಾಡ್ಲಿಕ್ಕೆ ಇಡೀ ಕುವೈತ್ ಸೋಸಬೇಕು. ಅದು ವಿಜ್ಞಾನಕ್ಕೆ."

"ವಿಜ್ಞಾನಕ್ಕೆ ತೆಂಗಿನಕಾಯಿ ಹಾಕಿದ್ರೆ ಆಯ್ತಪ್ಪ," ಎಂದರು ಭಾವ. "ಜನ ಇಲ್ಲಿಂದ ಚಿನ್ನ ಕೊಂಡು ಹೋಗ್ತಾರೆ, ಇವ ನರ್ತೆ!"

ಆ ಹೊತ್ತಿಗೆ ಒಂದು ಶಪಥ ಮಾಡಿದೆ. ಇನ್ನು ಯಾರ ಹತ್ತಿರವೂ ನರ್ತೆ ಎನ್ನುವುದಿಲ್ಲ, ಜನರ ಬಾಯಲ್ಲಿ ನೀರು ಬರುತ್ತದೆ. ಮರ್ಯಾದೆಯಾಗಿ ಪುಸ್ತಕದ ಕನ್ನಡದಲ್ಲಿ 'ಬಸವನಹುಳು' ಎನ್ನಬೇಕು. ನನ್ನ ಜೀವನದ ಅತಿ ಕೆಟ್ಟ ತೀರ್ಮಾನಗಳಲ್ಲಿ ಇದಕ್ಕೆ ಮೊದಲನೇ ಬಹುಮಾನ.

ಆಮೇಲೆ ಇನ್ನೊಂದು ವಿಷಯ ತೆಗೆದೆ. "ಭಾವ, ಹುಳು ಕೆಡದ ಹಾಗೆ ಇಡ್ಲಿಕ್ಕೆ ಸ್ವಲ್ಪ ಆಲ್ಕೋಹಾಲ್ ಬೇಕಿತ್ತು."

ಭಾವನ ಕೈಯ ತುತ್ತು ನಿಂತಿತು. ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು. "ಇಲ್ಲಿ ಆ ಶಬ್ದ ಹೇಳ್ಬೇಡ. ನಿನ್ನ ಹುಳುವಿನೊಟ್ಟಿಗೆ ನನ್ನನ್ನೂ ಬಾಟ್ಲಿಗೆ ಹಾಕ್ತಾರೆ."

ಹೀಗಾಗಿ ಹುಳುಗಳನ್ನು ಜೀವಂತವಾಗಿಯೇ, ಒದ್ದೆ ಬಟ್ಟೆಯೊಂದಿಗೆ ಬಾಟಲಿಯಲ್ಲಿಟ್ಟು ಊರಿಗೆ ಒಯ್ಯುವುದೆಂದಾಯಿತು. ಒಯ್ಯಲು ಮೊದಲು ಅವು ಸಿಗಬೇಕಿತ್ತು.

ವಫ್ರಾ, ಮೊದಲ ಶುಕ್ರವಾರ

ವಫ್ರಾಕ್ಕೆ ಬಸ್ಸು ಅಪರೂಪ. ಭಾವನಿಗೆ ಬೆಳಿಗ್ಗೆ ಬಿಡುವು ಇರುವುದು ಶುಕ್ರವಾರ ಮಾತ್ರ. ಸಸಿ ಕೊಟ್ಟ ತೋಟದಿಂದಲೇ ಅವರು ಟೊಮೆಟೊ, ಪುದೀನ ತರುವುದು ವಾಡಿಕೆ. ಅಲ್ಲಿನ ಮೇಸ್ತ್ರಿ ನಮ್ಮ ಉಳ್ಳಾಲದ ಇದಿನಬ್ಬ ಬ್ಯಾರಿ. ಊರಿನ ರೂಢಿಯಂತೆ ನಾವು ಇದಿನಬ್ಬಾಕ ಎನ್ನುತ್ತಿದ್ದೆವು. ಇಪ್ಪತ್ತೆರಡು ವರ್ಷದಿಂದ ಅದೇ ತೋಟದಲ್ಲಿದ್ದು ಅರಬ್ಬಿಯನ್ನು ತುಳುವಿನಷ್ಟೇ ಸಲೀಸಾಗಿ ಮಾತಾಡುವವರು.

ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಾತುಕೋಳಿಗಳ ಹತ್ತಿರ ಕಣ್ಣು ನಿಲ್ಲಿಸಿ, "ಇವರು ಎಂತ ಕೆಲಸ ಮಾಡುವುದು?" ಎಂದು ಭಾವನನ್ನೇ ಕೇಳಿದರು.

"ನೀರಿನ ಪರೀಕ್ಷೆ," ಎಂದೆ ನಾನೇ, ಹುಳುವಿನ ಸುದ್ದಿ ಬಿಟ್ಟು, ಎದೆಯುಬ್ಬಿಸಿ. ಬಾತುಕೋಳಿಗಳೂ ಉಬ್ಬಿದವು.

"ನೀರಾ? ಅಕೊ, ಅಲ್ಲಿ ಪುದೀನ ಪಾತಿಯ ಆಚೆ ಬುಗ್ಗೆ ಉಂಟು. ನೋಡಿ."

ಮರುಭೂಮಿಯ ಬುಗ್ಗೆ ಎಂದರೆ ಕ್ಯಾಲೆಂಡರಿನಲ್ಲಿ ನೋಡಿದ್ದೆ. ನೀಲಿ ಕೊಳ, ಸುತ್ತ ಖರ್ಜೂರದ ಮರ, ದಡದಲ್ಲಿ ಒಂಟೆ. ಅಲ್ಲಿದ್ದದ್ದು ನಮ್ಮ ಬಚ್ಚಲುಮನೆಯಷ್ಟು ಜಾಗ. ನಾಲ್ಕು ಕಲ್ಲಿನ ನಡುವಿನಿಂದ ನೀರು ಜಿನುಗಿ, ಪಾಚಿಗಟ್ಟಿ, ಕೊಳೆತ ಮೊಟ್ಟೆಯ ವಾಸನೆ ಬೀರುತ್ತಿತ್ತು. ನಮ್ಮಲ್ಲಿ ಇಂಥದ್ದು ಕಂಡರೆ ಮೂಗು ಮುಚ್ಚಿಕೊಂಡು ಪಂಚಾಯತಿಗೆ ಅರ್ಜಿ ಬರೆಯುತ್ತೇವೆ. ಕಲ್ಲು ಮಗುಚಿ ಭೂತಗನ್ನಡಿ ಹಿಡಿದೆ.

ಇದ್ದವು! ಪಾಚಿಯ ಮೇಲೆ ಚುಕ್ಕಿ ಚುಕ್ಕಿಯಾಗಿ. ಚಿಪ್ಪಿನಡಿಯಿಂದ ನೂಲಿನಂಥ ಎರಡು ಕೊಂಬು, ಬುಡದಲ್ಲಿ ಕಪ್ಪು ಚುಕ್ಕಿಯ ಕಣ್ಣು. ಸುತ್ತ ನೂರಾರು ಮೈಲಿ ಮರಳು. ಆಚೆ ಭಾವನ ಕಂಪೆನಿಯವರು ನೆಲದಿಂದ ಎಣ್ಣೆ ತೆಗೆದು ಜಗತ್ತನ್ನೇ ಓಡಿಸುತ್ತಿದ್ದಾರೆ. ಇವು ಯಾವುದಕ್ಕೂ ಸಂಬಂಧವಿಲ್ಲದೆ ಕಲ್ಲಿನಡಿ ಪಾಚಿ ನೆಕ್ಕುತ್ತ ಕೂತಿವೆ. ನೋಡಿದರೆ ನನ್ನ ತರಗತಿಯ ದಿನಗಳು ನೆನಪಾದವು.

ಭಾವ ಮತ್ತು ಇದಿನಬ್ಬಾಕ ಟೊಮೆಟೊ ಆರಿಸಲು ತೋಟದ ಇನ್ನೊಂದು ತುದಿಗೆ ಹೋದರು. ನಾನು ಮೊಣಕಾಲೂರಿ, ಬ್ರಶ್ಶಿನ ತುದಿಯಿಂದ ಒಂದೊಂದನ್ನೇ ಎತ್ತಿ ಬಾಟಲಿಗೆ ಹಾಕಿದೆ. ಎರಡು ಗಂಟೆಯಲ್ಲಿ ನಲವತ್ತು. ಸುಜಾತ ಲ್ಯಾಟಿನ್ನಿನಲ್ಲಿ ಅಳುವುದು ಕಿವಿಗೆ ಕೇಳಿಸತೊಡಗಿತು.

"ಶಿನು ಹಾದಾ?"

ತಿರುಗಿ ನೋಡಿದರೆ ಆರಡಿ ಎತ್ತರದ ಮುದುಕರು. ಬಿಳಿಯ ನಿಲುವಂಗಿ, ಕೈಯಲ್ಲಿ ಜಪಮಣಿ. ತೋಟದ ಯಜಮಾನರು, ಅಬು ಫಹದ್. ಇಲ್ಲಿ ಕೆಲಸದವರು ಯಜಮಾನನಿಗೆ ಅರಬಾಬ್ ಎನ್ನುತ್ತಾರೆ. ಅರಬಾಬ್ ನನ್ನ ಬಾಟಲಿಯನ್ನೇ ನೋಡುತ್ತಿದ್ದರು. ಪರರ ತೋಟದಲ್ಲಿ, ಹೇಳದೆ ಕೇಳದೆ, ಹೆಂಗಸರ ಸ್ವೆಟರ್ ಹಾಕಿಕೊಂಡು, ಚಹಾದ ಜರಡಿ ಹಿಡಿದು ಮಂಡಿಯೂರಿ ಕೂತಿದ್ದೇನೆ. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ತೋಚುವುದು ಕ್ಷಮೆ ಕೇಳುವುದೊಂದೇ. ಅರಬ್ಬಿ ಬಾರದು. ಇವರಿಗೆ ಹಿಂದಿಯಾದರೂ ಒಂದಿಷ್ಟು ತಿಳಿದೀತು ಎಂದು ಕೈಮುಗಿದೆ.

"ಮಾಫಿ ಸಾಬ್! ಮಾಫಿ, ಮಾಫಿ!"

ಅವರು ಬಾಟಲಿಗೆ ಬೆರಳು ತೋರಿಸಿ ಮತ್ತೇನೋ ಕೇಳಿದರು.

"ಮಾಫಿ, ಮಾಫಿ!"

ಅವರು ಕೈ ಬೀಸಿ ಹೇಳಿದರು, "ಮಾಫಿ ಮುಷ್ಕಿಲ್."

ಕ್ಷಮೆ ಕಷ್ಟ! ಎಷ್ಟು ಸ್ಪಷ್ಟ ಹಿಂದಿ! ಇನ್ನೊಮ್ಮೆ ಬೇಡಿದೆ. ಇನ್ನೂ ಗಟ್ಟಿಯಾಗಿ ಹೇಳಿದರು, "ಮಾಫಿ ಮುಷ್ಕಿಲ್! ಮಾಫಿ ಮುಷ್ಕಿಲ್!" ಜೈಲು, ಗಡೀಪಾರು, ರಿಫೈನರಿಯಿಂದ ಭಾವನ ಉಚ್ಚಾಟನೆ, ಎಲ್ಲ ಕಣ್ಣ ಮುಂದೆ ಬಂತು. ಸಾಕ್ಷ್ಯ ನಾಶ ಮಾಡುವುದೇ ದಾರಿ ಎಂದು ನಾಲ್ಕು ಹೆಜ್ಜೆ ಓಡಿ, ಪುದೀನ ಪಾತಿಗೆ ನೀರು ಹಾಯಿಸುವ ಕಾಲುವೆಯಲ್ಲಿ ಬಾಟಲಿ ಬಗ್ಗಿಸಿದೆ. ನಲವತ್ತೂ ಹೋದವು. ಖಾಲಿ ಬಾಟಲಿಯನ್ನು ತಲೆಕೆಳಗು ಮಾಡಿ ತೋರಿಸಿ, ಭಾವನ ಕಾರಿನ ಕಡೆ ಓಟ ಕಿತ್ತೆ.

ಮುದುಕರು ಜಪಮಣಿ ಎಣಿಸುವುದನ್ನು ಮರೆತು ನಿಂತಿದ್ದರು.

ವಾಪಸು ದಾರಿ

ಭಾವ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ನಕ್ಕರು. ನಕ್ಕು ಮುಗಿಸಿ, ಚಾಲೂ ಮಾಡಿ, ಇನ್ನೊಮ್ಮೆ ನಿಲ್ಲಿಸಿ ನಕ್ಕರು.

"ಮಂಡೆ ಉಂಟಾ ನಿಂಗೆ? ಇಲ್ಲಿ ಮಾಫಿ ಅಂದ್ರೆ ಇಲ್ಲ ಅಂತ. ಮಾಫಿ ಮುಷ್ಕಿಲ್ ಅಂದ್ರೆ ತೊಂದ್ರೆ ಇಲ್ಲ, ಪರವಾಗಿಲ್ಲ!"

"ಹಾಗಾದ್ರೆ ನಾನು ಮಾಫಿ ಮಾಫಿ ಅಂದದ್ದು?"

"ಬಾಟ್ಲಿಯಲ್ಲಿ ಎಂತ ಉಂಟು ಅಂತ ಪಾಪ ಆ ಮುದುಕರು ಕೇಳಿರ್ಬೇಕು. ನೀನು ಇಲ್ಲ ಇಲ್ಲ ಅಂದಿ. ಪರವಾಗಿಲ್ಲ ಅಂದ್ರು. ನೀನು ಬಗ್ಗಿಸಿದಿ."

"ಭಾವ, ಗಾಡಿ ತಿರುಗಿಸಿ."

"ಮಧ್ಯಾಹ್ನ ಶಿಫ್ಟ್ ಉಂಟು. ಯಲ್ಲಾ, ಇನ್ನು ಮುಂದಿನ ಶುಕ್ರವಾರವೇ."

ಮುಂದಿನ ಶುಕ್ರವಾರದ ಮರುದಿನವೇ ನನ್ನ ವಿಮಾನ. ಈ ಬಾರಿ ತಪ್ಪಬಾರದು ಎಂದು ಅನುಮತಿ ಕೇಳಲು ಇದಿನಬ್ಬಾಕನಿಗೆ ಫೋನು ಮಾಡಿದೆ.

"ನಿಮಗೆ ಬೇಕಾದ್ದು ಎಂತ ಅಂತ ಸರಿ ಹೇಳಿ ಮಾರಾಯ್ರೆ, ಅರಬಾಬಿಗೆ ಹೇಳ್ಬೇಕಲ್ಲ."

ನನ್ನ ಶಪಥ ನೆನಪಾಯಿತು. "ನಿಮ್ಮ ಬುಗ್ಗೆಯಲ್ಲಿ ಬಸವನಹುಳು ಇದೆ. ಅದಕ್ಕೋಸ್ಕರವೇ ಇಂಡಿಯಾದಿಂದ ಬಂದದ್ದು."

"ಹುಳವಾ? ನಮ್ಮ ನೀರಿನಲ್ಲಿ?"

"ಹೌದು, ತುಂಬಾ ಉಂಟು."

"ಆಯ್ತು. ನಾನು ಹೇಳ್ತೇನೆ. ನೀವೆಂತ ತಲೆಬಿಸಿ ಮಾಡ್ಬೇಡಿ," ಎಂದರು ಇದಿನಬ್ಬಾಕ, ಸ್ವಲ್ಪ ಗಂಭೀರವಾಗಿ.

ವಫ್ರಾ, ಎರಡನೇ ಶುಕ್ರವಾರ

ಬುಗ್ಗೆಯ ಪಕ್ಕ ಕಂಬಳಿ ಹಾಸಿತ್ತು. ಹರಿವಾಣದಲ್ಲಿ ಖರ್ಜೂರ, ಹೂಜಿಯಲ್ಲಿ ಏಲಕ್ಕಿ ಹಾಕಿದ ಕಾಫಿ. ಅಬು ಫಹದ್ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ನಮ್ಮ ಕಡೆ ಮದುಮಗನಿಗೂ ಇಷ್ಟು ಉಪಚಾರವಿಲ್ಲ. ಆಮೇಲೆ ಅವರು ಕೈ ಚಾಚಿ ಬುಗ್ಗೆ ತೋರಿಸಿದರು.

ಬುಗ್ಗೆ ಫಳಫಳ ಹೊಳೆಯುತ್ತಿತ್ತು. ಕಲ್ಲುಗಳೆಲ್ಲ ಹಲ್ಲುಜ್ಜಿಸಿಕೊಂಡ ಹಾಗೆ ಬೆಳ್ಳಗೆ. ಪಾಚಿಯ ಒಂದೆಳೆ ಇಲ್ಲ. ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯಿತು.

"ಎರಡು ದಿನ ತಿಕ್ಕಿದ್ದು!" ಇದಿನಬ್ಬಾಕನ ಮುಖದಲ್ಲಿ ಹೆಮ್ಮೆ. "ತಂತಿ ಬ್ರಶ್ಶಿನಲ್ಲಿ. ಅರಬಾಬಿಗೆ ನಾಚಿಕೆ ಆಗಿ ಹೋಯ್ತು. ನನ್ನ ನೀರಿನ ಹುಳದ ಸುದ್ದಿ ಇಂಡಿಯಾಕ್ಕೆ ಮುಟ್ಟಿತಾ ಅಂತ ಕೇಳಿದ್ರು. ಈಗ ಬನ್ನಿ, ನೋಡಿ. ಒಂದೇ ಒಂದು ಹುಳ ಇದ್ರೆ ಹೇಳಿ!"

ಬೆಳ್ಳಗಿನ ಕಲ್ಲೊಂದನ್ನು ಮಗುಚಿ ನೋಡಿದೆ. "ಇದಿನಬ್ಬಾಕ... ಅದು ಹುಳ ಅಲ್ಲ... ನರ್ತೆ."

"ನರ್ತೆಯಾ?" ಅವರು ತಲೆ ಮೇಲೆ ಕೈ ಹೊತ್ತರು. "ಅದನ್ನು ಹೇಳ್ಲಿಕ್ಕೆ ನಿಮ್ಮ ಬಾಯಿಗೆ ಎಂತ ಆಗಿತ್ತು? ನರ್ತೆ ಅಂದ್ರೆ ನಾನು ಮುಟ್ತಿದ್ನಾ? ಹುಳ ಹುಳ ಅಂದ್ರಿ, ಅರಬ್ಬಿಯಲ್ಲಿ ದೂದ್ ಅಂತ ಹೇಳಿದೆ, ಖಲಾಸ್! ಯಾವ ಕನ್ನಡ ಮಾರಾಯ್ರೆ ಇದು, ಚಿಪ್ಪು ಇದ್ದದ್ದಕ್ಕೆಲ್ಲ ಹುಳ ಅನ್ನುವುದು?"

ಕನ್ನಡವನ್ನು ಕಾಪಾಡುವ ಶಕ್ತಿ ಆಗ ನನ್ನಲ್ಲಿರಲಿಲ್ಲ. ಅಬು ಫಹದ್ ನಮ್ಮಿಬ್ಬರ ಮುಖ ನೋಡಿ ಏನಾಯಿತೆಂದು ಕೇಳಿದರು. ಇದಿನಬ್ಬಾಕ ಸರಿಯಾದ ಪದ ಹಾಕಿ ಹೇಳಿದರು. ಹಲಜೂನ್. ಸಾಸಿವೆಯಷ್ಟು. ಬೇರೆಲ್ಲೂ ಕಂಡದ್ದಿಲ್ಲವಂತೆ.

ಮುದುಕರು ನನ್ನ ಕಡೆ ತಿರುಗಿದರು. "ಹಿಂದ್ ಮಾಫಿ?"

ಈ ಸಲ ನನಗೆ ಅರ್ಥವಾಯಿತು. ಇಂಡಿಯಾದಲ್ಲಿ ಇಲ್ಲವೇ? "ಮಾಫಿ," ಎಂದೆ.

"ಸೌದಿಯಾ ಮಾಫಿ?"

"ಮಾಫಿ." ಸೌದಿ ಇಡೀ ಸೋಸಿ ಬಂದವನ ಧೈರ್ಯದಲ್ಲಿ ಹೇಳಿದೆ.

"ಅಮ್ರಿಕಾ?"

"ಅಮ್ರಿಕಾ ಭೀ ಮಾಫಿ. ಬಸ್ ಕುವೈತ್. ಬಸ್ ಇದು," ಎಂದು ಬುಗ್ಗೆ ತೋರಿಸಿದೆ.

ಅವರ ಮುಖದಲ್ಲಿ ಏನೋ ಹತ್ತಿಕೊಂಡಿತು, ಹತ್ತಿದ ಕೂಡಲೇ ಆರಿತು. ಅಮೆರಿಕದಲ್ಲೂ ಇಲ್ಲದ್ದು ತನ್ನ ತೋಟದಲ್ಲಿತ್ತು. ಅದನ್ನು ತಾನೇ ತಿಕ್ಕಿಸಿ ಹಾಕಿದ್ದು. ಕಾಫಿಯ ಲೋಟ ಕೆಳಗಿಟ್ಟು ಬೆಳ್ಳಗಿನ ಕಲ್ಲುಗಳನ್ನು ನೋಡುತ್ತ ನಿಂತುಬಿಟ್ಟರು.

ಆಗ ಭಾವ ಮೆಲ್ಲ ಕೇಳಿದರು, "ನೀನು ಬಾಟ್ಲಿ ಬಗ್ಗಿಸಿದ್ದು ಎಲ್ಲಿ?"

ಐದು ನಿಮಿಷದಲ್ಲಿ ನಾಲ್ಕು ಗಂಡಸರು ಪುದೀನದ ನಡುವೆ ಅಂಬೆಗಾಲಿಡುತ್ತಿದ್ದೆವು. ಅಬು ಫಹದ್ ನಿಲುವಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನನ್ನ ಭೂತಗನ್ನಡಿ ಕಸಿದುಕೊಂಡಿದ್ದರು. ಮೊದಲನೆಯದನ್ನು ಕಂಡವರು ಅವರೇ. "ಹಲಜೂನ್!" ಎಂದು ಕೂಗಿದ್ದು ನೆರೆ ತೋಟದವರಿಗೂ ಕೇಳಿರಬೇಕು. ಕಾಲುವೆಯ ಕಲ್ಲುಗಳಡಿ ಮಧ್ಯಾಹ್ನದವರೆಗೆ ಹುಡುಕಿ ಒಟ್ಟು ಹನ್ನೊಂದು ಸಿಕ್ಕಿದವು. ಒಂದು ಹೆಚ್ಚಿಲ್ಲ.

ಹನ್ನೊಂದೂ ಸಿಕ್ಕಿದ್ದು ನಾಲ್ವರಿಗೆ ಸೇರಿ. ಆದರೆ ಹಿಡಿದದ್ದೆಲ್ಲ ನನ್ನ ಕೈಗೇ ಬರುತ್ತಿತ್ತಲ್ಲ, ಆರನ್ನು ಕಾಫಿ ಲೋಟಕ್ಕೆ ಹಾಕಿದೆ. ಐದನ್ನು ಸಣ್ಣ ಬಾಟಲಿಗೆ ಹಾಕಿ ಯಾರಿಗೂ ಕಾಣದಂತೆ ಅಕ್ಕನ ಸ್ವೆಟರಿನ ಕಿಸೆಯಲ್ಲಿಟ್ಟೆ. ಸಾರ್‌ಗೆ ಐದು ಧಾರಾಳ ಸಾಕು.

ಅಬು ಫಹದ್ ಕಾಲುವೆಯ ಪಾಚಿ ಕಲ್ಲುಗಳನ್ನು ತಾವೇ ಹೊತ್ತು ತಂದು ಬುಗ್ಗೆಯಲ್ಲಿಟ್ಟರು. ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದು, ಬ್ಲೀಚು ಹರಿದುಹೋಗಿದೆ ಎಂದು ತಲೆಯಾಡಿಸಿದರು. ಇನ್ನು ಇಲ್ಲಿಗೆ ಬ್ರಶ್ ತಂದವನ ವೀಸಾ ರದ್ದು ಎಂದು ಆಳುಗಳಿಗೆ ಸಾರಿದರು. ನನಗೆ ಲೋಟದ ಕಡೆ ಕೈ ತೋರಿಸಿದರು, ಬಿಡು ಎಂದು.

"ತಗೊಂಡು ಹೋಗ್ಲಿಕ್ಕೆ ಬಿಡ್ತಾರಾ ಕೇಳಿ," ಎಂದೆ ಇದಿನಬ್ಬಾಕನಿಗೆ.

ಕೇಳಿದರು. ಮುದುಕರು ನಕ್ಕು ಒಂದೇ ಮಾತು ಹೇಳಿದರು.

"ಅದು ಕುವೈತಿ ಅಂತೆ," ಎಂದರು ಇದಿನಬ್ಬಾಕ. "ಸರಿಯೇ ಅಲ್ವಾ? ಈ ತೋಟದ ಖರ್ಜೂರ ಬಸ್ರಾದ್ದು, ಆಡು ಸೊಮಾಲಿಯಾದ್ದು, ನಾನು ಉಳ್ಳಾಲದವ. ಇಲ್ಲಿ ಇರ್ಲಿಕ್ಕೆ ಎಲ್ಲರಿಗೂ ಇಕಾಮಾದ ಚೀಟಿ ಬೇಕು, ಹೊಣೆ ಹೊರ್ಲಿಕ್ಕೆ ಒಬ್ಬ ಕಫೀಲ್ ಬೇಕು. ಅದಕ್ಕೊಂದು ಬೇಡ."

ಆರನ್ನೂ ನೀರಿಗೆ ಬಿಟ್ಟೆ. ಏಳುವಾಗ ಇದಿನಬ್ಬಾಕ ನನ್ನ ಪಕ್ಕಕ್ಕೆ ಬಂದು, ಬುಗ್ಗೆಯನ್ನೇ ನೋಡುತ್ತ, ತುಳುವಿನಲ್ಲಿ ಹೇಳಿದರು.

"ನಿಮ್ಮ ಕಿಸೆ ಒದ್ದೆಯಾಗಿದೆ."

ನೋಡಿದೆ. ಬಾಟಲಿಯ ಮುಚ್ಚಳ ಸಡಿಲ. ಗುಲಾಬಿ ಸ್ವೆಟರಿನ ಮೇಲೆ ನೀರಿನ ಕಲೆ ಅಂಗೈಯಷ್ಟು ಹರಡಿತ್ತು.

"ನಾನು ನೋಡ್ಲಿಲ್ಲ," ಎಂದರು ಅವರು. "ಅರಬಾಬೂ ನೋಡ್ಲಿಲ್ಲ. ಒಂದು ಕೇಳ್ತೇನೆ ಅಷ್ಟೆ. ಅದ್ರಲ್ಲಿ ಗಂಡು ಯಾವುದು, ಹೆಣ್ಣು ಯಾವುದು?"

"ಕೊಯ್ಯದೆ ಗೊತ್ತಾಗುದಿಲ್ಲ."

"ಹಾಗಾದ್ರೆ ಕಿಸೆಯಲ್ಲಿದ್ದದ್ದು ಎಲ್ಲ ಹೆಣ್ಣೇ ಆದ್ರೆ? ಇಲ್ಲಿದ್ದವಕ್ಕೆ ಬ್ಯಾಚುಲರ್ ರೂಮೇ ಗತಿ." ಮತ್ತೆ ಸೇರಿಸಿದರು, "ಇಪ್ಪತ್ತೆರಡು ವರ್ಷ ನಾನು ಹಾಗೇ ಇದ್ದವ. ನನಗಾದ್ರೆ ಎರಡು ವರ್ಷಕ್ಕೊಮ್ಮೆ ರಜೆ ಉಂಟು."

ನನ್ನ ಕೈ ಕಿಸೆಗೆ ಹೋಯಿತು.

ಊರಿಗೆ ಹೋದ ಮೇಲೆ ಸಾರ್ ನನಗೆ ಏನೆಂದರು ಎಂಬುದನ್ನು ಬರೆದರೆ ಅಚ್ಚು ಮಾಡುವವರು ಒಪ್ಪಲಿಕ್ಕಿಲ್ಲ. ಸೀಟು ಸುಜಾತಳಿಗೆ ಹೋಯಿತು. ಅವಳು ಸಿಹಿ ಹಂಚಿದಾಗ ನಾನು ಎರಡು ತಿಂದೆ.

ಅಲ್ಲಿ ಬುಗ್ಗೆಯ ಬಳಿ, ಕಿಸೆಯಿಂದ ಬಾಟಲಿ ತೆಗೆದೆ. ಅಬು ಫಹದ್ ಹುಬ್ಬು ಮೇಲೇರಿಸಿದರು. ನಾಲ್ಕು ಸಲೀಸಾಗಿ ನೀರಿಗಿಳಿದವು. ಐದನೆಯದು ಬಾಟಲಿಯ ಬಾಯಿಂದ ನನ್ನ ಹೆಬ್ಬೆರಳಿಗೆ ಹತ್ತಿ ಕೂತಿತು. ಕೊಡವಿದರೆ ಚಿಪ್ಪು ಒಡೆದೀತು. ಬ್ರಶ್ ಎಲ್ಲೋ ಪುದೀನದ ನಡುವೆ ಬಿದ್ದಿತ್ತು. ಬೆರಳನ್ನು ನೀರಿನಲ್ಲಿ ಅದ್ದಿ ಹಿಡಿದೆ. ಎರಡೂ ಬದಿಯಿಂದ ಅರಬಾಬ್ ಮತ್ತು ಇದಿನಬ್ಬಾಕ ಬಗ್ಗಿದರು. ಭಾವ ಗಡಿಯಾರ ನೋಡಿಕೊಂಡರು, ಶಿಫ್ಟಿನ ಮಾತೆತ್ತಲಿಲ್ಲ. ಅದು ಕೊಂಬು ಹೊರಗೆ ಹಾಕಿತು, ಉಗುರಿನ ಅಂಚಿನವರೆಗೆ ಬಂತು, ಯೋಚಿಸಿತು, ವಾಪಸು ಹೋಯಿತು. ಕಾಲು ಗಂಟೆ ಕಳೆದ ಮೇಲೆ ಪಾಚಿ ಕಲ್ಲಿಗೆ ಇಳಿಯಿತು.